‘ನಾವೇ ಜವಬ್ದಾರರು’

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಕಾಗುಣಿತದ ತಪ್ಪು. ‘ಜವಾಬ್ದಾರರು’ ಎಂದಿರಬೇಕಾದ ಕಡೆ ‘ಜವಬ್ದಾರರು’ ಎಂದಿತ್ತು. ವಕಾರದ ದೀರ್ಘ ಬಿಟ್ಟುಹೋಗಿತ್ತು. ಬಯಲುಸೀಮೆಯ ಒಂದು ದೊಡ್ಡ ಆಸ್ಪತ್ರೆಯ ದಾಖಲೆ ಕೋಣೆ, ಏಪ್ರಿಲ್ ತಿಂಗಳ ಸೆಕೆ, ದಾರ ಕಟ್ಟಿಟ್ಟ ಕೇಸ್‌ಶೀಟುಗಳ ಗಂಟು. ಹುಟ್ಟಿ ಆರು ದಿನವಾಗಿದ್ದ ಕೂಸೊಂದರ ಕಡತದ ಕೊನೆಯ ಹಾಳೆಯಲ್ಲಿ ಹೀಗೆ ಬರೆದಿತ್ತು: ‘ನಮ್ಮ ಮಗುವನ್ನು ನಮ್ಮ ಸ್ವಂತ ಇಚ್ಛೆಯಿಂದ ಕರೆದುಕೊಂಡು ಹೋಗುತ್ತಿದ್ದೇವೆ. ವೈದ್ಯರು ಎಲ್ಲಾ ತಿಳಿಸಿರುತ್ತಾರೆ. ಮುಂದಿನ ಆಗುಹೋಗುಗಳಿಗೆ ನಾವೇ ಜವಬ್ದಾರರು.’ ಕೆಳಗೆ ನೀಲಿ ಹೆಬ್ಬೆಟ್ಟು.

ತಪ್ಪು ನೋಡಿ ನಕ್ಕು ಪುಟ ತಿರುವಿದ್ದೆ. ಅದೇ ಗಂಟಿನಲ್ಲಿ ಇನ್ನೊಂದು ಕಡತ ಬಂತು. ಬೇರೆ ಊರು, ಬೇರೆ ತಿಂಗಳು. ಈ ಸಲ ಹೆಬ್ಬೆಟ್ಟಿಲ್ಲ, ನಡುಗುವ ಅಕ್ಷರದ ಒಂದು ಸಹಿ. ಮೇಲಿನ ಸಾಲುಗಳು ಮಾತ್ರ ಅವೇ, ದೀರ್ಘ ಬಿಟ್ಟ ‘ಜವಬ್ದಾರರು’ ಕೂಡ ಅದೇ. ಮೂರನೆಯದು ಸಿಕ್ಕಾಗ ಹಿಂದಿನೆರಡನ್ನೂ ಹೊರತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ನಾಲ್ಕನೆಯದು ಊಟದ ಹೊತ್ತಿಗೆ ಬಂತು. ನಾಲ್ಕು ಕುಟುಂಬ, ಒಂದೇ ಕೈಬರಹ. ‘ನಾವೇ’ ಎಂದು ಒತ್ತಿ ಹೇಳಿದವರು ಯಾರೂ ಅದನ್ನು ಬರೆದಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಬೇರೆಯದನ್ನು ಹುಡುಕಿಕೊಂಡು. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ‘ಇನ್ನು ಸಾಕು’ ಎಂಬ ತೀರ್ಮಾನ ಯಾರು, ಯಾವಾಗ ತೆಗೆದುಕೊಳ್ಳುತ್ತಾರೆ, ಅದು ಕಾಗದದ ಮೇಲೆ ಹೇಗೆ ಮೂಡುತ್ತದೆ ಎನ್ನುವುದು ನನ್ನ ಪ್ರಶ್ನೆ. ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೈಯಲ್ಲಿತ್ತು; ಹೆಸರು, ಊರು, ಐಪಿ ನಂಬರ್ ಯಾವುದನ್ನೂ ಬರೆದುಕೊಳ್ಳಬಾರದೆಂಬ ಕರಾರಿತ್ತು. ಹೆಸರಿನ ಚಿಂತೆ ಅಷ್ಟಾಗಿ ಬರಲಿಲ್ಲ, ಏಕೆಂದರೆ ಆ ಕೂಸುಗಳಿಗೆ ಹೆಸರೇ ಇರಲಿಲ್ಲ. ಕಡತದ ಮೇಲೆ ‘ಬಿ/ಓ’ ಎಂದು ಬರೆದು ತಾಯಿಯ ಹೆಸರು ಹಾಕುತ್ತಾರೆ, ಇಂಥವಳ ಮಗು ಎಂದು. ಅವಳಿಯಾದರೆ ಒಂದು, ಎರಡು. ನಾಮಕರಣಕ್ಕೆ ಮೊದಲೇ ಮುಗಿದುಹೋದ ಜೀವಗಳು ತಾಯಿಯ ಹೆಸರಿನಲ್ಲೇ ಉಳಿದಿರುತ್ತವೆ.

ಒಳಗಿನ ಹಾಳೆಗಳಲ್ಲಿರುವುದು ಇಂಗ್ಲಿಷು. ದಿನಕ್ಕೆರಡು ಸಲ ಡ್ಯೂಟಿ ಡಾಕ್ಟರು ಬರೆದ ಟಿಪ್ಪಣಿ. ಮಗುವಿಗೆ ಕೊಳವೆ ಹಾಕಲಾಯಿತು, ಪ್ರತಿಜೀವಕ ಬದಲಿಸಲಾಯಿತು, ಪರಿಸ್ಥಿತಿ ವಿವರಿಸಲಾಯಿತು. ಎಲ್ಲವೂ ‘ಲಾಯಿತು’. ಹಾಕಿದವರು, ಬದಲಿಸಿದವರು, ವಿವರಿಸಿದವರು ಯಾರೆಂದು ವಾಕ್ಯದಲ್ಲಿಲ್ಲ. ಹೀಗೆ ಪುಟಗಟ್ಟಲೆ ಸಾಗಿ, ಕೊನೆಗೊಂದು ಕಡೆ ಥಟ್ಟನೆ ಕರ್ತೃಪದ ಕಾಣಿಸಿಕೊಳ್ಳುತ್ತದೆ: ‘ಅಟೆಂಡರ್ಸ್ ನಾಟ್ ವಿಲ್ಲಿಂಗ್.’ ನಮ್ಮ ಆಸ್ಪತ್ರೆಗಳ ಭಾಷೆಯಲ್ಲಿ ಅಟೆಂಡರ್ಸ್ ಎಂದರೆ ರೋಗಿಯ ಕಡೆಯವರು. ವೆಂಟಿಲೇಟರ್ ಬೇಡವೆಂದವರು ಅವರು. ಅದರ ಹಿಂದೆಯೇ ಕನ್ನಡದ ಹಾಳೆ, ‘ನಾವೇ ಜವಬ್ದಾರರು.’ ವಾರವಿಡೀ ನಡೆದ ಕೆಲಸಕ್ಕೆ ಕರ್ತೃವಿಲ್ಲ, ನಿಲ್ಲಿಸಿದ್ದಕ್ಕೆ ಮಾತ್ರ ಇದ್ದಾನೆ.

ಈ ವ್ಯಾಕರಣವನ್ನು ಮೊದಲು ಗುರುತಿಸಿದ ಹೆಚ್ಚುಗಾರಿಕೆ ನನ್ನದಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ರೆನೆ ಆನ್ಸ್‌ಪಾಕ್ 1988ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಬರೀ ಇದರ ಮೇಲೆಯೇ ಇದೆ. ಆಸ್ಪತ್ರೆಯ ಕಿರಿಯ ವೈದ್ಯರು ಹಿರಿಯರ ಮುಂದೆ ಕೇಸ್ ಒಪ್ಪಿಸುವ ಮಾತುಗಳನ್ನು ಆಕೆ ಕಲೆಹಾಕಿ ಸಾಲುಸಾಲಾಗಿ ಓದಿದರು. ಮಗು ಅಲ್ಲಿ ಮಗುವಾಗಿರುವುದಿಲ್ಲ, ‘ಇಪ್ಪತ್ತೆಂಟು ವಾರದ್ದು’ ಆಗಿರುತ್ತದೆ. ಮಾಡಿದವರು ವಾಕ್ಯದಿಂದ ಜಾರಿಹೋಗುತ್ತಾರೆ. ಕೆಲವು ಕಡೆ ಯಂತ್ರವೇ ಕರ್ತೃವಾಗುತ್ತದೆ, ಸ್ಕ್ಯಾನ್ ‘ತೋರಿಸುತ್ತದೆ’. ನಾಲ್ಕನೆಯ ಸಂಗತಿ ನನ್ನನ್ನು ಬಹಳ ಕಾಡಿತು. ವೈದ್ಯರು ಕಂಡದ್ದು ಇದ್ದದ್ದು ಇದ್ದ ಹಾಗೆ ಸತ್ಯ. ತಾಯಿ ಹೇಳಿದ್ದಕ್ಕೆ ಮಾತ್ರ ‘ಎಂದು ಹೇಳುತ್ತಾಳೆ’, ‘ಅಲ್ಲಗಳೆಯುತ್ತಾಳೆ’ ಎಂಬ ಬಾಲ. ಕನ್ನಡದಲ್ಲಿ ಪೊಲೀಸ್ ಎಫ್‌ಐಆರ್ ಓದಿದವರಿಗೆ ಈ ಬಾಲದ ಪರಿಚಯ ಇದ್ದೇ ಇರುತ್ತದೆ.

ಆನ್ಸ್‌ಪಾಕ್ ನಿಗಾ ಘಟಕಗಳಲ್ಲಿ ತಿಂಗಳುಗಟ್ಟಲೆ ಇದ್ದು, ರೌಂಡ್ಸ್ ಹಿಂದೆ ಸುತ್ತಿ, ರಾತ್ರಿ ಪಾಳಿಯವರ ಜತೆ ಕೂತು ಬರೆದ ಪುಸ್ತಕ 1993ರಲ್ಲಿ ಬಂತು. ಹೆಸರು ‘ಡಿಸೈಡಿಂಗ್ ಹೂ ಲಿವ್ಸ್’. ಅದರಲ್ಲಿ ಆಕೆ ಕೇಳಿಕೊಂಡ ಪ್ರಶ್ನೆ ಸರಳ: ಒಂದೇ ಮಗುವನ್ನು ನೋಡುವ ನರ್ಸ್ ಮತ್ತು ಡಾಕ್ಟರ್ ಅದರ ಭವಿಷ್ಯದ ಬಗ್ಗೆ ಬೇರೆಬೇರೆ ಮಾತಾಡುವುದೇಕೆ? ಒಬ್ಬರಿಗೆ ಕರುಣೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಎಂದು ಆಕೆ ಹೇಳಲಿಲ್ಲ. ಯಾರು ಎಲ್ಲಿ ನಿಂತಿದ್ದಾರೆ ನೋಡಿ ಎಂದರು. ಡಾಕ್ಟರು ಸರದಿಯಲ್ಲಿ ಬರುತ್ತಾರೆ, ಬಂದಾಗ ರಕ್ತದ ವರದಿ, ಸ್ಕ್ಯಾನು, ಮಾನಿಟರಿನ ಅಂಕಿ ನೋಡುತ್ತಾರೆ. ನರ್ಸ್ ಪಾಳಿಯುದ್ದಕ್ಕೂ ತೊಟ್ಟಿಲ ಬಳಿ ಇರುತ್ತಾಳೆ. ಡಯಾಪರ್ ಬದಲಿಸುವಾಗ ಮಗು ಮುಖ ಕಿವಿಚಿತೇ, ಬೆರಳು ಕೊಟ್ಟರೆ ಹಿಡಿಯಿತೇ, ಕಣ್ಣು ಕಣ್ಣಿಗೆ ಸೇರಿತೇ ಎಂಬುದು ಅವಳಿಗೆ ತಿಳಿಯುತ್ತದೆ. ಅಂಕಿ ಚೆನ್ನಾಗಿದ್ದೂ ಮಗು ‘ಇಲ್ಲ’ ಎನ್ನಿಸುವುದುಂಟು, ಅಂಕಿ ಕೆಟ್ಟಿದ್ದೂ ‘ಇದೆ’ ಎನ್ನಿಸುವುದುಂಟು. ಆದರೆ ಕೇಸ್‌ಶೀಟಿನಲ್ಲಿ ಅಂಕಿಗೆ ಕಾಲಂ ಇದೆ, ಬೆರಳು ಹಿಡಿದದ್ದಕ್ಕಿಲ್ಲ.

ಹೆತ್ತವರ ಬಗ್ಗೆ ಆಕೆ ಬರೆದದ್ದು ಇನ್ನೂ ಖಾರವಾಗಿದೆ. ಹೆಚ್ಚಿನ ಸಲ ಅವರ ಮುಂದೆ ಪ್ರಶ್ನೆ ಇಡುತ್ತಲೇ ಇರಲಿಲ್ಲ. ಒಳಗೆ ತೀರ್ಮಾನವಾದ ಮೇಲೆ ಅವರನ್ನು ಕರೆಸಿ, ಅವರು ಹೂಂ ಎನ್ನುವ ಹಾಗೆ ಮಾತು ಹೆಣೆಯುತ್ತಿದ್ದರು. ಆ ಹೂಂ ಕಾಗದದ ಮೇಲೆ ಸಮ್ಮತಿಯಾಗುತ್ತಿತ್ತು.

ಆನ್ಸ್‌ಪಾಕ್‌ರಿಂದ ಹಿಂದಕ್ಕೆ ಹೋದರೆ, ಎಲ್ಲರೂ ಕೈತೋರುವ ಒಂದು ಲೇಖನಕ್ಕೆ ತಲುಪುತ್ತೇವೆ. 1973ರ ಅಕ್ಟೋಬರ್ 25ರ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಸಂಚಿಕೆ, 890ನೇ ಪುಟ. ರೇಮಂಡ್ ಡಫ್ ಮತ್ತು ಎ. ಜಿ. ಎಂ. ಕ್ಯಾಂಪ್‌ಬೆಲ್ ಬರೆದದ್ದು. ಬರೀ ಐದು ಪುಟ. ಇಷ್ಟೆಲ್ಲ ಗಲಾಟೆ ಎಬ್ಬಿಸಿದ ಲೇಖನ ಇಷ್ಟು ಸಣ್ಣದೇ ಎಂದು ಮೊದಲ ಸಲ ತೆರೆದಾಗ ನನಗೆ ಅನ್ನಿಸಿತ್ತು.

ಅವರಿಬ್ಬರೂ ಇದ್ದದ್ದು ಯೇಲ್-ನ್ಯೂ ಹೇವನ್ ಆಸ್ಪತ್ರೆಯಲ್ಲಿ. ಲೂಯಿ ಗ್ಲಕ್ ಎಂಬ ವೈದ್ಯರು 1960ರಲ್ಲಿ ನವಜಾತ ಶಿಶುಗಳ ಆಧುನಿಕ ನಿಗಾ ಘಟಕ ತೆರೆದ ಜಾಗವೇ ಅದು. ಬದುಕಿಸುವ ಸಲಕರಣೆ ಮೊದಲು ಕೂಡಿಬಂದ ಕಡೆಯೇ, ಬದುಕಿಸಬೇಕೇ ಎಂಬ ಪ್ರಶ್ನೆಯೂ ಮೊದಲು ಬಾಯಿಬಿಟ್ಟಿತು. 1970ರ ಜನವರಿಯಿಂದ 1972ರ ಜೂನ್‌ವರೆಗಿನ ಎರಡೂವರೆ ವರ್ಷದಲ್ಲಿ ಆ ಘಟಕದಲ್ಲಿ 299 ಶಿಶುಗಳು ತೀರಿಕೊಂಡಿದ್ದವು. 256 ಚಿಕಿತ್ಸೆ ಕೊಟ್ಟೂ ಉಳಿಯದವು. ಮಿಕ್ಕ 43 ಸಾವುಗಳು ಚಿಕಿತ್ಸೆ ತಡೆಹಿಡಿದದ್ದಕ್ಕೆ ಸಂಬಂಧಪಟ್ಟವು ಎಂದು ವೈದ್ಯರಿಬ್ಬರೂ ತಾವಾಗಿ ಬರೆದರು. ಅಂದರೆ ನೂರಕ್ಕೆ 14. ಪಟ್ಟಿಯನ್ನೂ ಕೊಟ್ಟರು: ಹಲವು ಅಂಗದೋಷಗಳಿದ್ದವು 15, ವರ್ಣತಂತು ಹೆಚ್ಚಾಗಿದ್ದವು 8, ಹೃದಯ-ಶ್ವಾಸಕೋಶದ ತೊಂದರೆಯವು 8, ಬೆನ್ನುಹುರಿ ತೆರೆದುಕೊಂಡಿದ್ದವು 7, ಮಿದುಳು-ನರದ ಇತರ ದೋಷ 3, ಕರುಳು ತೀರಾ ಚಿಕ್ಕದಾಗಿದ್ದವು 2. ಕೂಡಿ ನೋಡಿದೆ, ಸರಿಯಾಗಿದೆ.

ಆ ಕಾಲಕ್ಕೆ ಇದು ಎಂಥ ಧೈರ್ಯ ಎಂಬುದನ್ನು ಮರೆಯಬಾರದು. ಎಲ್ಲ ಕಡೆ ನಡೆಯುತ್ತಿದ್ದದ್ದನ್ನು ಯಾರೂ ಬರೆಯುತ್ತಿರಲಿಲ್ಲ. ಇವರು ನಾವು ಮಾಡಿದೆವು, ಹೆತ್ತವರ ಜತೆ ಕೂತು ಮಾಡಿದೆವು, ಕಾನೂನಿಗೆ ಇದು ಅಡ್ಡವಾದರೆ ಕಾನೂನೇ ಬದಲಾಗಲಿ ಎಂದರು. ಡಫ್‌ಗೆ ಈ ಎದೆಗಾರಿಕೆ ಬಂದದ್ದೆಲ್ಲಿಂದ ಎಂದು ಹುಡುಕಿದರೆ, ಐದು ವರ್ಷ ಹಿಂದಿನ ಒಂದು ದಪ್ಪ ಪುಸ್ತಕ ಸಿಗುತ್ತದೆ. ‘ಸಿಕ್‌ನೆಸ್ ಅಂಡ್ ಸೊಸೈಟಿ’, 1968. ಸಮಾಜಶಾಸ್ತ್ರಜ್ಞ ಆಗಸ್ಟ್ ಹಾಲಿಂಗ್ಸ್‌ಹೆಡ್ ಜತೆ ಸೇರಿ ಡಫ್ ಬರೆದದ್ದು. ಆಸ್ಪತ್ರೆಯಲ್ಲಿ ರೋಗಿಗೂ ಮನೆಯವರಿಗೂ ನಿಜ ಎಷ್ಟರ ಮಟ್ಟಿಗೆ ತಲುಪುತ್ತದೆ, ಎಷ್ಟು ಮುಚ್ಚಿಹೋಗುತ್ತದೆ ಎಂಬುದು ಅದರ ಒಂದು ಮುಖ್ಯ ಚಿಂತೆ. ಮುಚ್ಚಿಡುವುದನ್ನು ವರ್ಷಗಟ್ಟಲೆ ನೋಡಿದವನಿಗೆ ತಾನೇ ಮುಚ್ಚಿಡುವುದು ಕಷ್ಟವಾಗಿರಬೇಕು ಎಂಬುದು ನನ್ನ ಊಹೆ.

ಆದರೂ ಆ ಪಟ್ಟಿಯ ಬಗ್ಗೆ ನನ್ನದೊಂದು ತಕರಾರಿದೆ. ಅಲ್ಲಿ ಮಕ್ಕಳು ರೋಗದ ಹೆಸರಿನ ಮೇಲೆ ವಿಂಗಡವಾಗಿದ್ದಾರೆ. ಹೃದಯ-ಶ್ವಾಸಕೋಶದ ತೊಂದರೆಯಿದ್ದ ಎಂಟರಲ್ಲಿ ಯಾವ ಮನೆಯವರು ಬೇಗ ಒಪ್ಪಿದರು, ಯಾರು ಎರಡು ರಾತ್ರಿ ಅತ್ತರು, ಯಾರಿಗೆ ಮನೆಯಲ್ಲಿ ಇನ್ನೂ ಮೂರು ಮಕ್ಕಳಿದ್ದರು ಎಂಬುದನ್ನು ಆ ಅಂಕಿಗಳಿಂದ ಬಿಡಿಸಿಕೊಳ್ಳಲು ಬರುವುದಿಲ್ಲ. ತೀರ್ಮಾನವನ್ನು ಬಯಲಿಗಿಟ್ಟ ಲೇಖನವೂ ಅದನ್ನು ಎಣಿಸುವಾಗ ರೋಗಕ್ಕೇ ಕರ್ತೃಸ್ಥಾನ ಕೊಟ್ಟುಬಿಟ್ಟಿತು.

ಇಂಥ ಕಡತಕ್ಕೆ ಸರ್ಕಾರವೇ ಬೆನ್ನುಹತ್ತಿದ ಕಾಲವೂ ಬಂತು. 1982ರ ಏಪ್ರಿಲ್‌ನಲ್ಲಿ ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿ ಡೌನ್ ಸಿಂಡ್ರೋಮ್ ಇದ್ದ ಒಂದು ಮಗು ಹುಟ್ಟಿತು. ಅನ್ನನಾಳ ಹೊಟ್ಟೆಗೆ ಸೇರಿರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾಗಿದ್ದ ದೋಷ. ಹೆತ್ತವರು ಬೇಡವೆಂದರು, ನ್ಯಾಯಾಲಯ ನಡುವೆ ಬರಲಿಲ್ಲ, ಆರನೇ ದಿನ ಮಗು ತೀರಿಕೊಂಡಿತು. ದಾಖಲೆಯಲ್ಲಿ ಅದರ ಹೆಸರು ‘ಬೇಬಿ ಡೋ’. ಮರುವರ್ಷ ರೇಗನ್ ಸರ್ಕಾರ ಆಸ್ಪತ್ರೆಗಳಲ್ಲಿ ಫೋನ್ ನಂಬರಿನ ಸಮೇತ ನೋಟಿಸ್ ಅಂಟಿಸಲು ಹೇಳಿತು: ಅಂಗವೈಕಲ್ಯದ ಕಾರಣಕ್ಕೆ ಮಗುವಿಗೆ ಆಹಾರ, ಚಿಕಿತ್ಸೆ ತಪ್ಪಿಸುವುದು ಕಂಡರೆ ಕರೆ ಮಾಡಿ ಎಂದು. 1983ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಬೆನ್ನುಹುರಿಯ ದೋಷದೊಡನೆ ಹುಟ್ಟಿದ ‘ಬೇಬಿ ಜೇನ್ ಡೋ’ ಪ್ರಕರಣದಲ್ಲಂತೂ ಸರ್ಕಾರ ಮಗುವಿನ ಕೇಸ್‌ಶೀಟನ್ನೇ ಕೊಡಿ ಎಂದು ಕೋರ್ಟಿಗೆ ಹೋಯಿತು. ಆಸ್ಪತ್ರೆ ಒಪ್ಪಲಿಲ್ಲ. 1984ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಸರ್ಕಾರದ ಕೈಗೆ ಅದನ್ನು ಕೊಡಿಸಲಿಲ್ಲ. ಕೊಟ್ಟಿದ್ದರೂ ಏನು ಸಿಗುತ್ತಿತ್ತು? ಬಹುಶಃ ಒಂದಷ್ಟು ‘ಲಾಯಿತು’. ಶಸ್ತ್ರಚಿಕಿತ್ಸೆ ಇಲ್ಲದೆ ಹೆಚ್ಚು ಕಾಲ ಬದುಕದು ಎಂದು ಹೆತ್ತವರು ಕೇಳಿಸಿಕೊಂಡಿದ್ದ ಆ ಮಗು ಮುಂದೆ ಮೂವತ್ತು ವಯಸ್ಸು ಕಂಡಿತು.

ಹೆತ್ತವರೇ ದಾಖಲೆ ಬರೆದದ್ದು ಅಪರೂಪ. ರಾಬರ್ಟ್ ಮತ್ತು ಪೆಗಿ ಸ್ಟಿನ್ಸನ್ ದಂಪತಿ 1983ರಲ್ಲಿ ಪ್ರಕಟಿಸಿದ ‘ದ ಲಾಂಗ್ ಡೈಯಿಂಗ್ ಆಫ್ ಬೇಬಿ ಆ್ಯಂಡ್ರ್ಯೂ’ ಅಂಥದ್ದು. 1976ರ ಡಿಸೆಂಬರ್‌ನಲ್ಲಿ ಅವಧಿಗೆ ಬಹಳ ಮುಂಚೆ, 800 ಗ್ರಾಂ ಆಸುಪಾಸಿನ ತೂಕದಲ್ಲಿ ಹುಟ್ಟಿದ ಮಗ. ಆರು ತಿಂಗಳು ಯಂತ್ರದ ಮೇಲಿದ್ದು 1977ರ ಜೂನ್‌ನಲ್ಲಿ ತೀರಿಕೊಂಡ. ಗಂಡಹೆಂಡತಿ ಇಬ್ಬರೂ ಬೇರೆಬೇರೆ ದಿನಚರಿ ಇಟ್ಟಿದ್ದರು. ರಾಬರ್ಟ್ ಇತಿಹಾಸದ ಮೇಷ್ಟ್ರು, ದಿನಾಂಕ ಹಾಕುವ ಅಭ್ಯಾಸ. ನನ್ನ ಆಸ್ಪತ್ರೆಯ ಹಾಳೆಗಳಿಗಿಂತ ಇವರ ಕಥೆ ಪೂರಾ ತಿರುಗಾಮುರುಗಾ. ಆ್ಯಂಡ್ರ್ಯೂ ವಿಷಯದಲ್ಲಿ ಸಾಕು ಎಂದವರು ಹೆತ್ತವರು, ಬಿಡಲೊಲ್ಲದವರು ವೈದ್ಯರು. ಯಾವ ಡಾಕ್ಟರು ಯಾವ ದಿನ ಫೋನಿನಲ್ಲಿ ಏನೆಂದರು ಎಂಬುದು ಆ ಪುಟಗಳಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಸಮೇತ ಇದೆ. ಓದುತ್ತ ಹೋದಂತೆ ನನಗೆ ಹೊಳೆದದ್ದು ಒಂದು ಸಣ್ಣ ವಿಷಯ: ಇವರಿಗೆ ಬರೆಯಲು ಬರುತ್ತಿತ್ತು, ಬರೆಯಲು ಪುರಸೊತ್ತೂ ಇತ್ತು.

ಭಾರತಕ್ಕೆ ಬರೋಣ. ನಾರ್ವೆಯ ಇಂಗ್ರಿಡ್ ಮಿಲ್ಯೆಟೈಗ್ ಮತ್ತು ಓಲೆ ನೋರ್ಹೈಮ್ 2006ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಭಾರತದ ಎರಡು ಸರ್ಕಾರಿ ಘಟಕಗಳ 14 ವೈದ್ಯರನ್ನು ಮಾತಾಡಿಸಿದರು. ಕೆಲಸದಲ್ಲೇ ಅತಿ ಕಷ್ಟದ್ದು ಇದು ಎಂದು ಎಲ್ಲರೂ ಹೇಳಿದರು; ಕೆಲವರಂತೂ ಈ ಬಗ್ಗೆ ಅದುವರೆಗೆ ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಲೇಖನದ ಶೀರ್ಷಿಕೆಯಲ್ಲೇ ಅವರ ಸಂಕಟ ಇದೆ: ಈ ಮಗುವನ್ನು ಉಳಿಸುವುದು ನನ್ನ ಕೆಲಸ ಸರಿ, ಆದರೆ ಇದರ ಒಡಹುಟ್ಟಿದವರ ಪಾಡೇನು? ಮನೆಯ ಸಾಲ, ಉಳಿದ ಮಕ್ಕಳ ಊಟ, ಶಾಲೆ, ಪಕ್ಕದ ತೊಟ್ಟಿಲಿನ ಕೂಸಿಗೆ ಯಂತ್ರ ಸಿಗುವುದೋ ಇಲ್ಲವೋ. ಯಾವ ಮಾರ್ಗಸೂಚಿಯಲ್ಲೂ ಇಲ್ಲದ ಈ ಲೆಕ್ಕವನ್ನು ಡಾಕ್ಟರು ಮನಸ್ಸಿನಲ್ಲೇ ಹಾಕುತ್ತಿದ್ದರು.

ಮೂರು ವರ್ಷದ ನಂತರ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಮುಂದಿನ ಅಧ್ಯಯನದಲ್ಲಿ ಮುಂಬಯಿಯ ಅಮರ್ ಜೇಸಾನಿ ಕೂಡ ಲೇಖಕರಲ್ಲೊಬ್ಬರು. ಲಾಭದಾಸೆಯಿಲ್ಲದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಘಟಕದಲ್ಲಿ ಕೂತು ನೋಡಿದರು, ಕಡತ ಓದಿದರು. ಅಂಥದೇ ಯಂತ್ರಗಳಿರುವ ಅಮೆರಿಕ, ಯುರೋಪಿನ ಘಟಕಗಳಿಗಿಂತ ಇಲ್ಲಿ ಚಿಕಿತ್ಸೆ ಶುರುಮಾಡುವ ಗೆರೆ ತುಂಬ ಮೇಲಿತ್ತು, 28ರಿಂದ 32 ವಾರಗಳ ನಡುವೆ. ಆ ಗೆರೆಯೂ ಎಲ್ಲರಿಗೂ ಒಂದೇ ಅಲ್ಲ. ‘ಪ್ರೆಶಿಯಸ್’ ಮಗುವಿಗೆ ಅದು ಸ್ವಲ್ಪ ಬಾಗುತ್ತಿತ್ತು. ಈ ಪದ ನಮ್ಮ ಕಡೆಯೂ ಇದೆ. ಹತ್ತು ವರ್ಷಕ್ಕೆ ಹುಟ್ಟಿದ್ದು, ಟ್ರೀಟ್‌ಮೆಂಟ್ ತೆಗೆದುಕೊಂಡು ಹುಟ್ಟಿದ್ದು, ಎರಡು ಕಳೆದುಕೊಂಡ ಮೇಲೆ ಹುಟ್ಟಿದ್ದು ‘ಪ್ರೆಶಿಯಸ್ ಬೇಬಿ’. ನಾನು ನೋಡಿದ ಕೇಸ್‌ಶೀಟುಗಳಲ್ಲೂ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದಿತ್ತು. ಹೆಣ್ಣೆಂಬ ಕಾರಣಕ್ಕೆ ಮನೆಯವರು ಹಿಂದೆಗೆದಾಗ ತಾವು ಕೈಲಾಗದವರಾಗುತ್ತೇವೆ ಎಂದೂ ಅಲ್ಲಿನ ಸಿಬ್ಬಂದಿ ಹೇಳಿಕೊಂಡರು.

ಇದನ್ನೋದಿದ ಮೇಲೆ ನಾನೂ ನನ್ನ ಗಂಟಿನಲ್ಲಿ ಹೆಣ್ಣುಗಳನ್ನು ಎಣಿಸಲು ಕೂತೆ, ಒಪ್ಪಿಕೊಳ್ಳುತ್ತೇನೆ. ಎಣಿಸಿ ಅರ್ಧಕ್ಕೆ ಬಿಟ್ಟೆ. ಅವಧಿಗೆ ಮುಂಚೆ ಹುಟ್ಟಿದ ಗಂಡು ಶಿಶುಗಳ ಶ್ವಾಸಕೋಶ ಹೆಣ್ಣಿಗಿಂತ ದುರ್ಬಲ, ಹಾಗಾಗಿ ಘಟಕಕ್ಕೆ ಬರುವುದರಲ್ಲೇ ಗಂಡು ಹೆಚ್ಚಿರುತ್ತವೆ. ಹೆಣ್ಣು ಶಿಶುವನ್ನು ಆಸ್ಪತ್ರೆಗೆ ತಾರದೆ ಮನೆಯಲ್ಲೇ ಇಟ್ಟುಕೊಳ್ಳುವುದೂ ಇದೆ. ಒಂದು ಕೋಣೆಯ ಒಂದು ಗಂಟು ಇವೆರಡನ್ನು ಬಿಡಿಸಿ ಹೇಳಲಾರದು. ಹೇಳುತ್ತದೆ ಎಂದು ಬರೆದರೆ ಅದು ನನ್ನ ಆತುರ.

ದುಡ್ಡಿನ ವಿಷಯವೂ ಹಾಗೆಯೇ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿಗೆ ಚಿಕಿತ್ಸೆ, ಔಷಧಿ, ವಾಹನ ಎಲ್ಲ ಉಚಿತ. ಹಾಗಿದ್ದೂ ಯಾಕೆ ಕರೆದುಕೊಂಡು ಹೋಗುತ್ತಾರೆ? ಈ ಪ್ರಶ್ನೆಗೆ ಕಡತದಲ್ಲಿ ಉತ್ತರವಿರಲಿಲ್ಲ. ಆ ಕೈಬರಹದವರನ್ನೇ ಹುಡುಕಿದೆ.

ಹುಡುಕುವುದು ಕಷ್ಟವಾಗಲಿಲ್ಲ. ದಾಖಲೆ ಕೋಣೆಯ ಗುಮಾಸ್ತರು ಹಾಳೆ ನೋಡಿದ ಕೂಡಲೇ ‘ಇದು ನಮ್ಮ ಹಳೇ ಸಿಸ್ಟರ್ ಬರವಣಿಗೆ’ ಎಂದರು. ಅವರೀಗ ಲಸಿಕೆ ಕೊಠಡಿಯಲ್ಲಿದ್ದರು. ನಿವೃತ್ತಿಗೆ ಎರಡು ವರ್ಷ. ಐಸ್ ಪ್ಯಾಕ್ ಜೋಡಿಸುತ್ತಲೇ ಮಾತಾಡಿದರು.

‘ಹೌದು ಮೇಡಂ, ನಾನೇ ಬರೆದಿದ್ದು. ಅವ್ರಿಗೆ ಬರೆಯೋಕೆ ಬರಲ್ಲ. ಬಂದ್ರೂ ಆ ಹೊತ್ತಲ್ಲಿ ಕೈ ಓಡಲ್ಲ. ನಾನು ಬರೆದು ಓದಿ ಹೇಳ್ತೀನಿ, ಅವ್ರು ಸೈನ್ ಹಾಕ್ತಾರೆ.’

‘ಓದಿ ಹೇಳಿದಾಗ ಏನಂತಿದ್ರು?’

‘ಏನಂತಾರೆ? ಗಾಡಿ ಬಂತಾ ಅಂತ ಕೇಳೋರು. ಒಬ್ರು ಮಾತ್ರ, ವಯಸ್ಸಾದೋರು, ಮಗೀನ ತಾತ, ನಾವೇ ಅಂತ ಯಾಕಮ್ಮ ಬರ್ದೆ, ಡಾಕ್ಟ್ರೂ ಕೈಬಿಟ್ರಲ್ಲ ಅಂದ್ರು. ಅದನ್ನ ಎಲ್ಲಿ ಬರೀಲಿ ಹೇಳಿ, ಜಾಗ ಎಲ್ಲಿದೆ?’

ದುಡ್ಡಿಗಾಗಿಯೇ ಹೋಗುತ್ತಿದ್ದರೇ ಎಂದು ಕೇಳಿದೆ. ಚಿಕಿತ್ಸೆಗೆ ದುಡ್ಡಿಲ್ಲ ಮೇಡಂ, ಇರೋದಕ್ಕೆ ದುಡ್ಡು ಎಂದರು. ಕೂಲಿ ಬಿಟ್ಟು ಹೊರಗೆ ಜಗಲಿಯ ಮೇಲೆ ಮಲಗುವ ಅಪ್ಪ, ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದ ದೊಡ್ಡ ಮಗು, ದಿನಕ್ಕೆರಡು ಹೋಟೆಲ್ ಊಟ. ನಾರ್ವೆಯವರ ಲೇಖನ ಅವರು ಓದಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ.

ತಾಯಂದಿರ ಸಹಿ ಒಂದರಲ್ಲೂ ಇಲ್ಲವಲ್ಲ ಎಂದೆ. ಅವರು ಐಸ್ ಪ್ಯಾಕ್ ಕೆಳಗಿಟ್ಟು ನನ್ನ ಮುಖ ನೋಡಿದರು. ಸಿಸೇರಿಯನ್ ಆದ ತಾಯಿ ಮೇಲಿನ ಮಹಡಿಯಲ್ಲಿರುತ್ತಿದ್ದಳು. ಮನೆಯವರು ಅವಳಿಗೆ ಆಮೇಲೆ ಹೇಳುತ್ತೇವೆ ಅನ್ನುತ್ತಿದ್ದರು. ಎಷ್ಟೋ ಸಲ ಗಾಡಿ ಹತ್ತುವಾಗಲೇ ಅವಳಿಗೆ ಗೊತ್ತಾಗುತ್ತಿತ್ತು. ‘ಈಗ ಇಲ್ಲಿಗೆ ಬಂದ ಮೇಲೆ ಒಂದು ಸಲ, ಒಂಬತ್ತು ತಿಂಗಳ ಚುಚ್ಚುಮದ್ದಿಗೆ ಒಬ್ಬಳು ಬಂದ್ಲು. ಕಾರ್ಡ್ ನೋಡ್ದೆ, ನಾನೇ ಬರೆದುಕೊಟ್ಟಿದ್ದ ಮಗು. ಗುಂಡುಗುಂಡಾಗಿತ್ತು. ಅವತ್ತು ಸೈನ್ ಹಾಕಿ ಕರ್ಕೊಂಡು ಹೋಗಿದ್ರಲ್ಲಮ್ಮ ಅಂದೆ. ಯಾವ ಸೈನು ಅಂದ್ಲು.’

ಸಂಜೆ ಮತ್ತೆ ದಾಖಲೆ ಕೋಣೆಗೆ ಹೋಗಿ ದೊಡ್ಡ ರಿಜಿಸ್ಟರ್ ತೆಗೆಸಿದೆ. ಕೊನೆಯ ಕಾಲಂನಲ್ಲಿ ಬರೆಯುವುದು ನಾಲ್ಕರಲ್ಲಿ ಒಂದು: ಡಿಸ್ಚಾರ್ಜ್, ರೆಫರ್, ಲಾಮಾ, ಡೆತ್. ವೈದ್ಯರ ಸಲಹೆ ಮೀರಿ ಹೋದವರು ಲಾಮಾ. ಆ ಮಗುವನ್ನು ಕರೆದೊಯ್ದರೆಂದು ಸಿಸ್ಟರ್ ಹೇಳಿದ ತಿಂಗಳಿನ ಪುಟದಲ್ಲಿ ಲಾಮಾ ಎಂದು ಮೂರು ಕಡೆ ಇತ್ತು. ಮೂರೂ ಸಾಲು ಅಲ್ಲಿಗೇ ಮುಗಿದಿದ್ದವು.